ಮೂರು ಮಾತ್ರೆಗೂ ಇಳಿಯದ ಬಿಪಿ, ಕಿಡ್ನಿಯ ರಕ್ತನಾಳ ಸಪೂರ ಆಗಿದೆಯಂತೆ. ಸ್ಟೆಂಟ್ ಹಾಕಿಸಬೇಕಾ?

ಅಘನಾಶಿನಿ_ದಂಡೆ
ನಮಸ್ಕಾರ, ಕುಮಟಾ ಕಡೆಯವನು. ಅಮ್ಮನಿಗೆ 62 ವರ್ಷ. ಬಿಪಿ ಹಳೆಯದೇ, ಒಂದು ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಕಳೆದ ಮಳೆಗಾಲದಿಂದ ಏರುತ್ತಲೇ ಇದೆ. ಆಮ್ಲೋಡಿಪಿನ್, ಮೆಟೊಪ್ರೊಲಾಲ್, ಒಂದು ನೀರು ಮಾತ್ರೆ (ಮೂತ್ರ ಜಾಸ್ತಿ ಮಾಡಿಸುವುದು) ಮೂರೂ ನಡೆಯುತ್ತಿದ್ದರೂ 170ರ ಕೆಳಗೆ ಬರಲಿಲ್ಲ. ಇಲ್ಲಿನ ಡಾಕ್ಟರು ಟೆಲ್ಮಿಸಾರ್ಟನ್ ಸೇರಿಸಿದರು. ಬಿಪಿ ಸ್ವಲ್ಪ ಇಳಿಯಿತು. ಆದರೆ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕಸ) 1.1 ಇದ್ದದ್ದು 1.7 ಆಯಿತು. ಅವರಿಗೆ ಅನುಮಾನ ಬಂದು ಡಾಪ್ಲರ್ (ನಾಳದಲ್ಲಿ ರಕ್ತದ ಹರಿವು ನೋಡುವ ಸ್ಕ್ಯಾನ್) ಬರೆದುಕೊಟ್ಟರು.

ರಿಪೋರ್ಟ್ ಪ್ರಕಾರ ಎಡ ಕಿಡ್ನಿ 8.3 ಸೆಂ.ಮೀ., ಬಲ ಕಿಡ್ನಿ 10.2 ಸೆಂ.ಮೀ. ಎಡ ಕಿಡ್ನಿಗೆ ಹೋಗುವ ರಕ್ತನಾಳ ಶೇ 60ಕ್ಕಿಂತ ಜಾಸ್ತಿ ಕಿರಿದಾಗಿದೆ.

ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆವು. "ಈ ವಾರವೇ ಸ್ಟೆಂಟ್ ಹಾಕಿಸಿ" ಎಂದರು. ಕಿರಿದಾದ ನಾಳ ತೆರೆದಿಡಲು ಒಳಗೆ ಕೂರಿಸುವ ಸಣ್ಣ ಬಲೆಯ ಕೊಳವೆಯಂತೆ ಅದು. ಇನ್ನೊಬ್ಬ ಡಾಕ್ಟರು "ಮಾತ್ರೆಯಲ್ಲೇ ನೋಡೋಣ, ಅವಸರ ಬೇಡ" ಎನ್ನುತ್ತಾರೆ. ಇಬ್ಬರೂ ಓದಿದವರೇ. ಯಾರ ಮಾತು ಕೇಳುವುದು? ಹೋಗಲಿ, ಅವರ ಹತ್ತಿರ ಏನು ಕೇಳಬೇಕು ಅಂತಾದರೂ ಹೇಳಿ.

ಕಾಳಿ_ಸೇತುವೆ
ಹೃದಯಕ್ಕೆ ಸ್ಟೆಂಟ್ ಹಾಕುವುದು ಗೊತ್ತು. ಕಿಡ್ನಿಗೂ ಹಾಕುತ್ತಾರಾ?

ತೋಟದ_ಮನೆ
ಹಾಕುತ್ತಾರೆ. ನನ್ನ ಮಾವನಿಗೆ ಹಾಕಿದ್ದಾರೆ. ಕಿಡ್ನಿಗೂ ಬಿಪಿಗೂ ಎಲ್ಲಿಯ ಸಂಬಂಧ ಅಂತ ನಾನೂ ಆಗ ಕೇಳಿದ್ದೆ.

ಶಿರಸಿಯವರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಅಡಿಕೆ ತೋಟಕ್ಕೆ ಪೈಪ್ ಎಳೆದಿದ್ದೀರಿ. ಕೊನೆಯ ಕವಲಿನಲ್ಲಿ ಕಸ ಕಟ್ಟಿದೆ. ಅಲ್ಲಿ ನಿಂತ ಆಳಿಗೆ ಒಳಗಿನ ಕಸ ಕಾಣುವುದಿಲ್ಲ. ನೀರು ಕಡಿಮೆ ಬರುವುದಷ್ಟೇ ಕಾಣುತ್ತದೆ. ಅವನು ಅಲ್ಲಿಂದಲೇ "ಪಂಪ್ ಜೋರು ಮಾಡ್ರೋ" ಅಂತ ಕೂಗುತ್ತಾನೆ. ಪಂಪ್ ಜೋರಾದರೆ ಇಡೀ ತೋಟದ ಪೈಪಿಗೆ ಒತ್ತಡ ಬೀಳುತ್ತದೆ. ಕಿಡ್ನಿಯದ್ದೂ ಅದೇ ಕಥೆ. ತನಗೆ ರಕ್ತ ಕಡಿಮೆ ಬಂದದ್ದಕ್ಕೆ ಇಡೀ ಮೈಯ ಬಿಪಿಯೇ ಬಿದ್ದಿದೆ ಅಂದುಕೊಳ್ಳುತ್ತದೆ.

ಡಯಾಲಿಸಿಸ್_ಸಿಸ್ಟರ್
ಅರ್ಧ ಸರಿ ಇದೆ. ಆ ಕೂಗಿನ ಹೆಸರು ರೆನಿನ್. ಕಿಡ್ನಿ ಅದನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಮುಂದೆ ಆಂಜಿಯೋಟೆನ್ಸಿನ್ ತಯಾರಾಗುತ್ತದೆ. ಇದು ಮೈಯ ರಕ್ತನಾಳಗಳನ್ನೆಲ್ಲ ಬಿಗಿ ಮಾಡುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಹೊರಡಿಸಿ, ಉಪ್ಪು ಮತ್ತು ನೀರು ಮೂತ್ರದಲ್ಲಿ ಹೋಗದಂತೆ ಹಿಡಿದಿಡುತ್ತದೆ. ಅಂದರೆ ಪಂಪೂ ಜೋರು, ನೀರೂ ಜಾಸ್ತಿ, ಪೈಪೂ ಸಣ್ಣ. ಮೂರು ಕಡೆಯಿಂದ ಏಟು. ಕೆಲವರಿಗೆ ಪೊಟ್ಯಾಸಿಯಂ ಕಡಿಮೆಯಾಗುವುದೂ ಇದರಿಂದಲೇ.

ಕಾಳಿ_ಸೇತುವೆ
ಈಗ ತಿಳಿಯಿತು. ನಮ್ಮ ಪಾಠದಲ್ಲಿ ಇಷ್ಟು ಚೆನ್ನಾಗಿ ಹೇಳಲೇ ಇಲ್ಲ ಮಾರಾಯ್ರೆ.

ಘಟ್ಟದ_ಡಾಕ್ಟ್ರು
ಪ್ರಶ್ನೆ ಕೇಳಿದವರಿಗೆ. ನಾನು ನಿಮ್ಮ ಅಮ್ಮನನ್ನು ನೋಡಿದವನಲ್ಲ, ಮಾತ್ರೆ ಬದಲಿಸಿ ಅಂತ ಇಲ್ಲಿ ಕೂತು ಹೇಳುವುದಿಲ್ಲ. ಆದರೆ ನೀವು ಬರೆದದ್ದರಲ್ಲಿ ಒಂದು ಲೆಕ್ಕ ಕೂರುತ್ತಿಲ್ಲ.

ಆಂಜಿಯೋಟೆನ್ಸಿನ್ ಬರೀ ವೈರಿ ಅಲ್ಲ. ರಕ್ತ ಕಡಿಮೆ ಬರುವ ಕಿಡ್ನಿಯಲ್ಲಿ, ಸೋಸುವ ಜಾಗದಿಂದ ಹೊರಗೆ ಹೋಗುವ ನಾಳವನ್ನು ಅದು ಬಿಗಿಯಾಗಿ ಹಿಡಿದಿರುತ್ತದೆ. ಅದರಿಂದ ಸೋಸಲು ಬೇಕಾದ ಒತ್ತಡ ಉಳಿದಿರುತ್ತದೆ. ಟೆಲ್ಮಿಸಾರ್ಟನ್ ಆ ಹಿಡಿತವನ್ನು ಸಡಿಲ ಮಾಡುತ್ತದೆ. ಬಿಪಿ ಇಳಿಯುತ್ತದೆ, ಸೋಸುವುದೂ ಇಳಿಯುತ್ತದೆ. ಇನ್ನೊಂದು ಕಿಡ್ನಿ ಗಟ್ಟಿ ಇದ್ದರೆ ಅದು ಸಂಭಾಳಿಸುತ್ತದೆ, ಕ್ರಿಯಾಟಿನಿನ್ ಇಷ್ಟೊಂದು ಹಾರುವುದಿಲ್ಲ. 1.1ರಿಂದ 1.7 ಅಂದರೆ ಅರ್ಧಕ್ಕಿಂತ ಜಾಸ್ತಿ ಏರಿಕೆ. ಶೇ 30 ದಾಟಿದರೇ ನಾವು ಎರಡೂ ಕಡೆ ತೊಂದರೆ ಇದೆಯಾ ಅಂತ ಹುಡುಕುತ್ತೇವೆ.

ಬಲಗಡೆಯ ರಕ್ತನಾಳದ ಬಗ್ಗೆ ರಿಪೋರ್ಟಿನಲ್ಲಿ ಏನಿದೆ?

ಅಘನಾಶಿನಿ_ದಂಡೆ
ಈಗ ತೆಗೆದು ನೋಡಿದೆ. "ಹೊಟ್ಟೆಯಲ್ಲಿ ಗ್ಯಾಸ್ ಇರುವುದರಿಂದ ಬಲಗಡೆ ಸರಿಯಾಗಿ ಕಾಣಲಿಲ್ಲ" ಅಂತ ಕೆಳಗೆ ಸಣ್ಣದಾಗಿ ಬರೆದಿದ್ದಾರೆ. ಇದನ್ನು ಇಬ್ಬರೂ ಡಾಕ್ಟರು ನಮಗೆ ಹೇಳಲಿಲ್ಲ.

ಘಟ್ಟದ_ಡಾಕ್ಟ್ರು
ಹಾಗಾದರೆ ನಿಮ್ಮ ಮೊದಲ ಪ್ರಶ್ನೆ ಸ್ಟೆಂಟ್ ಅಲ್ಲ. "ಬಲಗಡೆ ಹೇಗಿದೆ?" ಅನ್ನುವುದು. ಡಾಪ್ಲರ್ ಒಳ್ಳೆಯ ಪರೀಕ್ಷೆಯೇ, ಆದರೆ ಮಾಡುವವರ ಕೈಯ ಮೇಲೆ ನಿಂತಿದೆ. ಗ್ಯಾಸ್ ಇದ್ದರೆ, ಮೈ ದಪ್ಪ ಇದ್ದರೆ ಸರಿಯಾಗಿ ಸಿಗುವುದಿಲ್ಲ. ಸಿಟಿ ಆಂಜಿಯೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದಕ್ಕೆ ಹಾಕುವ ಬಣ್ಣದ ಔಷಧ ಸೋತ ಕಿಡ್ನಿಗೆ ಭಾರ. ಕ್ರಿಯಾಟಿನಿನ್ 1.7 ಇರುವಾಗ ಸುಮ್ನೆ ಓಡಿಹೋಗಿ ಮಾಡಿಸಬೇಡಿ. ಕಿಡ್ನಿ ತಜ್ಞರು ಮೊದಲು ಮಾತ್ರೆ ಸರಿಮಾಡಿ, ಆಮೇಲೆ ಸಿಟಿಯೋ ಎಂಆರ್‌ಐಯೋ ಅಂತ ತೀರ್ಮಾನ ಮಾಡಲಿ. ಮತ್ತೆ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ನಾಳೆಯೇ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಕ್ರಿಯಾಟಿನಿನ್ ಹೇಳಿ, ಟೆಲ್ಮಿಸಾರ್ಟನ್ ಮುಂದುವರಿಸಬೇಕಾ ಅಂತ ಕೇಳಿ.

ಹುಬ್ಬಳ್ಳಿ_ಲಾಸ್ಟ್_ಬಸ್
ಇಷ್ಟೆಲ್ಲ ಯಾಕೆ? ಸ್ಟೆಂಟ್ ಅಂದರೆ ದುಡ್ಡಿನ ವ್ಯಾಪಾರ. "ಈ ವಾರವೇ" ಅಂದಾಗಲೇ ಗೊತ್ತಾಗಬೇಕಿತ್ತು. ಎದ್ದು ಬಂದುಬಿಡಿ.

ತೋಟದ_ಮನೆ
ಹಾಗೆ ಒಂದೇ ಮಾತಿನಲ್ಲಿ ಹೇಳಬೇಡಿ. ಮಾವನಿಗೆ ರಾತ್ರಿ ಮಲಗಿದವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿತ್ತು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಹೃದಯ ಪರೀಕ್ಷೆ ಮಾಡಿದರೆ ಪಂಪಿಂಗ್ ಸರಿಯೇ ಇದೆ. ಮತ್ತೆ ಮತ್ತೆ ಅದೇ. ಕೊನೆಗೆ ಒಬ್ಬರು ಕಿಡ್ನಿಯ ರಕ್ತನಾಳ ನೋಡೋಣ ಎಂದರು. ಎರಡೂ ಕಡೆ ಬಂದ್ ಆಗುತ್ತಾ ಬಂದಿತ್ತು. ಸ್ಟೆಂಟ್ ಆದ ಮೇಲೆ ಆ ಉಸಿರುಕಟ್ಟು ಮತ್ತೆ ಬರಲಿಲ್ಲ. ಬಿಪಿ ಮಾತ್ರೆ ಈಗಲೂ ಇದೆ, ಸಂಖ್ಯೆ ಕಡಿಮೆಯಾಗಿದೆ ಅಷ್ಟೇ. ಅದೂ ವ್ಯಾಪಾರವಾ?

ಪುಸ್ತಕದ_ಹುಳ
ಇಬ್ಬರ ಮಾತಿನಲ್ಲೂ ಸತ್ಯ ಇದೆ. ಈ ವಿಷಯದಲ್ಲಿ ಎರಡು ದೊಡ್ಡ ಅಧ್ಯಯನಗಳಾಗಿವೆ. 2009ರ ಆಸ್ಟ್ರಲ್, 806 ರೋಗಿಗಳು. 2014ರ ಕೋರಲ್, 947 ರೋಗಿಗಳು. ಚೀಟಿ ಎತ್ತಿದ ಹಾಗೆ ಆರಿಸಿ ಅರ್ಧ ಜನರಿಗೆ ಬರೀ ಮಾತ್ರೆ, ಇನ್ನರ್ಧಕ್ಕೆ ಮಾತ್ರೆಯ ಜೊತೆ ರಕ್ತನಾಳ ಅಗಲ ಮಾಡುವುದು. ಹೃದಯಾಘಾತ, ಪಾರ್ಶ್ವವಾಯು, ಕಿಡ್ನಿ ಸೋಲುವುದು, ಸಾವು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕೋರಲ್‌ನಲ್ಲಿ ಸ್ಟೆಂಟ್ ಹಾಕಿಸಿಕೊಂಡವರ ಮೇಲಿನ ಬಿಪಿ ಸುಮಾರು 2 ಅಂಕ ಕೆಳಗಿತ್ತು, ಅಷ್ಟೇ. ಇದಾದ ಮೇಲೆ ಸ್ಟೆಂಟ್ ಹಾಕುವ ಉತ್ಸಾಹ ತಣ್ಣಗಾಯಿತು.

ಹುಬ್ಬಳ್ಳಿ_ಲಾಸ್ಟ್_ಬಸ್
ನಾನು ಹೇಳಿದ್ದೂ ಅದೇ ಅಲ್ವಾ?

ಘಟ್ಟದ_ಡಾಕ್ಟ್ರು
ಅದೇ ಅಲ್ಲ. ಆ ಅಧ್ಯಯನಗಳಿಗೆ ಸೇರಿಸಿಕೊಂಡವರಲ್ಲಿ ತೋಟದ ಮನೆಯವರ ಮಾವನಂಥವರು ತೀರ ಕಡಿಮೆ. ಸ್ಟೆಂಟ್ ಬೇಕೇ ಬೇಕು ಅಂತ ಡಾಕ್ಟರಿಗೆ ಅನ್ನಿಸಿದವರನ್ನು ಯಾರು ಚೀಟಿ ಎತ್ತಿ ಬರೀ ಮಾತ್ರೆಯ ಗುಂಪಿಗೆ ಹಾಕುತ್ತಾರೆ? ಅದಕ್ಕೇ ಈಗಲೂ ಕೆಲವರಿಗೆ ಸ್ಟೆಂಟ್ ಯೋಚಿಸುತ್ತಾರೆ. ಪದೇ ಪದೇ ಶ್ವಾಸಕೋಶದಲ್ಲಿ ನೀರು ತುಂಬುವವರು, ಎಲ್ಲ ಮಾತ್ರೆ ಸರಿಯಾದ ಪ್ರಮಾಣದಲ್ಲಿ ತಗೊಂಡರೂ ಬಿಪಿ ಇಳಿಯದವರು, ಎರಡೂ ಕಡೆ ಕಿರಿದಾಗಿ ಕಿಡ್ನಿ ಬೇಗ ಬೇಗ ಸೋಲುತ್ತಿರುವವರು. ಹಾಗೆಯೇ ಕಿಡ್ನಿ ಈಗಾಗಲೇ 7 ಸೆಂ.ಮೀ. ಆಸುಪಾಸಿಗೆ ಮುದುಡಿದ್ದರೆ ನಾಳ ತೆರೆದು ಪ್ರಯೋಜನ ಕಡಿಮೆ.

ಸ್ಟೆಂಟಿನಲ್ಲೂ ಅಪಾಯ ಇದೆ. ನಾಳದ ಒಳಗಿನ ಕೊಬ್ಬಿನ ಚೂರು ಎದ್ದು ಅದೇ ಕಿಡ್ನಿಗೆ ಹೋಗಿ ಕೂರಬಹುದು. ನಾಳ ಹರಿಯಬಹುದು. ಇದನ್ನೂ ಕೇಳಿ ತಿಳಿದುಕೊಳ್ಳಿ.

ಬೇರು_ನಾರು
ಬಾಳೆದಿಂಡಿನ ರಸ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಜೊತೆಗೆ ಎಳನೀರು. ಕಿಡ್ನಿ ತೊಳೆದ ಹಾಗೆ ಆಗುತ್ತದೆ. ನಮ್ಮ ಅಜ್ಜಿ 90 ವರ್ಷ ಬದುಕಿದ್ದರು.

ಡಯಾಲಿಸಿಸ್_ಸಿಸ್ಟರ್
ದಯವಿಟ್ಟು ಕೊಡಬೇಡಿ! ಇವರಿಗೆ ಕ್ರಿಯಾಟಿನಿನ್ 1.7, ಮೇಲಿಂದ ಟೆಲ್ಮಿಸಾರ್ಟನ್. ಎರಡೂ ಸೇರಿದರೆ ಪೊಟ್ಯಾಸಿಯಂ ಮೈಯಲ್ಲೇ ಉಳಿಯುತ್ತದೆ. ಎಳನೀರು, ಬಾಳೆಯ ರಸ ಎರಡರಲ್ಲೂ ಪೊಟ್ಯಾಸಿಯಂ ಇದೆ. ಅದು ವಿಪರೀತ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ ಉಪ್ಪು" ಕೂಡ ಇಂಥವರಿಗೆ ಬೇಡ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಂ.

ಬೇರು_ನಾರು
ಎಲ್ಲದಕ್ಕೂ ಹೆದರಿಸುವುದೇ ನಿಮ್ಮ ಕೆಲಸ.

ಡಯಾಲಿಸಿಸ್_ಸಿಸ್ಟರ್
ನನ್ನ ಕೆಲಸ ಮಶಿನ್ ಹತ್ತಿರ. ಅಲ್ಲಿಗೆ ಬರುವವರಲ್ಲಿ ಕಷಾಯ ಕುಡಿದು ತಡಮಾಡಿದವರೂ ಇರುತ್ತಾರೆ. ಅದಕ್ಕೇ ಹೇಳಿದೆ.

ಇನ್ನೊಂದು. ಅಮ್ಮನಿಗೆ ಮಂಡಿ ನೋವು ಇದೆಯಾ? ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ ನುಂಗುತ್ತಾರಾ?

ಅಘನಾಶಿನಿ_ದಂಡೆ
ನಿಮಗೆ ಹೇಗೆ ಗೊತ್ತಾಯಿತು? ಕೇಳಿದರೆ "ಅದೇನು ದೊಡ್ಡ ಮಾತ್ರೆಯಾ" ಎನ್ನುತ್ತಾರೆ. ಡೈಕ್ಲೋಫಿನಾಕ್. ಮಳೆಗಾಲ ಶುರುವಾದ ಮೇಲೆ ಹೆಚ್ಚೂಕಡಿಮೆ ದಿನಾ.

ಡಯಾಲಿಸಿಸ್_ಸಿಸ್ಟರ್
ಇದು ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಬಿಪಿ ಏರಿಸುತ್ತವೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ನೀರು ಮಾತ್ರೆ, ಟೆಲ್ಮಿಸಾರ್ಟನ್, ನೋವಿನ ಮಾತ್ರೆ ಮೂರೂ ಒಟ್ಟಿಗೆ ಇದ್ದರೆ ಕ್ರಿಯಾಟಿನಿನ್ ಹಾರಲು ಬೇರೆ ಕಾರಣವೇ ಬೇಡ.

ಘಟ್ಟದ_ಡಾಕ್ಟ್ರು
ಸಿಸ್ಟರ್ ಹಿಡಿದರು ನೋಡಿ. ನಾನು ಕೇಳಬೇಕಿದ್ದ ಪ್ರಶ್ನೆ ಇದು. ಹಾಗಂತ ಎಡಗಡೆ ಕಿರಿದಾಗಿರುವುದು ಸುಳ್ಳಾಗುವುದಿಲ್ಲ, ಎರಡು ಕಿಡ್ನಿಗಳ ನಡುವೆ ಸುಮಾರು 2 ಸೆಂ.ಮೀ. ವ್ಯತ್ಯಾಸ ಇದೆ. ಆದರೆ ನೋವಿನ ಮಾತ್ರೆ ನಿಲ್ಲಿಸಿ ಮತ್ತೆ ರಕ್ತ ಪರೀಕ್ಷೆ ಮಾಡುವ ಮೊದಲು ಯಾರೂ ಸ್ಟೆಂಟಿನ ಮಾತು ಎತ್ತಬಾರದು.

ಯಲ್ಲಾಪುರ_ಘಟ್ಟ
ಇದು ವಯಸ್ಸಾದವರ ಕಾಯಿಲೆ ಮಾತ್ರವಾ? ನನ್ನ ತಂಗಿಗೆ 24 ವರ್ಷಕ್ಕೇ ಬಿಪಿ 190. ಮೊದಲು ಎಲ್ಲರೂ "ಟೆನ್ಷನ್, ಮದುವೆ ಮಾಡಿ ಸರಿಹೋಗುತ್ತದೆ" ಎಂದರು. ಹೇಳಲು ನಾಚಿಕೆಯಾಗಬೇಕು ಇವರಿಗೆಲ್ಲ. ಒಬ್ಬ ಕಿರಿಯ ಡಾಕ್ಟರ್ ಎರಡೂ ಕೈಯಲ್ಲಿ ಬಿಪಿ ನೋಡಿದರು. ಎಡಗೈಯಲ್ಲಿ ನಾಡಿಯೇ ಸರಿಯಾಗಿ ಸಿಗುತ್ತಿರಲಿಲ್ಲ. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟರೆ ಸುಯ್ ಅನ್ನುವ ಸದ್ದು. ಟಕಾಯಾಸು ಅಂತ ಹೆಸರು ಹೇಳಿದರು. ಮಹಾಧಮನಿ ಮತ್ತು ಅದರ ಕವಲುಗಳಿಗೆ ಉರಿಯೂತ ಬರುವ ಕಾಯಿಲೆಯಂತೆ.

ಘಟ್ಟದ_ಡಾಕ್ಟ್ರು
ಆ ಕಿರಿಯ ಡಾಕ್ಟರಿಗೆ ನಮಸ್ಕಾರ. ಐವತ್ತೈದು ದಾಟಿದವರಲ್ಲಿ ಕಿಡ್ನಿ ರಕ್ತನಾಳ ಕಿರಿದಾಗುವುದು ಹೆಚ್ಚಾಗಿ ಕೊಬ್ಬು ಕಟ್ಟಿ. ಅದಕ್ಕೆ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕೊಲೆಸ್ಟರಾಲ್ ಎಲ್ಲ ಗೊಬ್ಬರ. ಎಳೆಯರಲ್ಲಿ ಕಾರಣ ಬೇರೆ. ಭಾರತದಲ್ಲಿ ಟಕಾಯಾಸು ಮುಖ್ಯ ಕಾರಣ. ಇನ್ನೊಂದು ಫೈಬ್ರೋಮಸ್ಕ್ಯುಲರ್ ಡಿಸ್‌ಪ್ಲೇಸಿಯಾ, ಹೆಂಗಸರಲ್ಲಿ ಜಾಸ್ತಿ. ನಾಳದ ಗೋಡೆಯೇ ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ಸಪೂರ ಆಗಿರುತ್ತದೆ. ಇದರಲ್ಲಿ ನಾಳದೊಳಗೆ ಬಲೂನ್ ಉಬ್ಬಿಸಿ ಅಗಲ ಮಾಡಿದರೆ ಸಾಕು, ಸಾಮಾನ್ಯವಾಗಿ ಸ್ಟೆಂಟ್ ಬೇಕಾಗುವುದಿಲ್ಲ. ಎಷ್ಟೋ ಜನರಿಗೆ ಬಿಪಿ ಮಾತ್ರೆಯೇ ಬಿಟ್ಟುಹೋಗುತ್ತದೆ. ಟಕಾಯಾಸುವಿನಲ್ಲಿ ಮೊದಲು ಉರಿಯೂತ ಇಳಿಸಬೇಕು, ಆಮೇಲೆ ಬಲೂನು. ಮೂವತ್ತರೊಳಗೆ ಬಿಪಿ ಬಂದರೆ ಟೆನ್ಷನ್ ಅಂತ ಮನೆಗೆ ಕಳಿಸಬಾರದು.

ಯಲ್ಲಾಪುರ_ಘಟ್ಟ
ಈಗ ಸ್ಟಿರಾಯ್ಡ್ ನಡೆಯುತ್ತಿದೆ. ಬಲೂನ್ ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ಈಗ ಆರಾಮ ಇದ್ದಾಳೆ.

ಹಲಸಿನ_ಹಪ್ಪಳ
ಉಪ್ಪಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಸಾಣಿಕಟ್ಟೆಯ ಕಲ್ಲುಪ್ಪು. ಅದು ನೈಸರ್ಗಿಕ, ಬಿಪಿಗೆ ಏನೂ ಆಗುವುದಿಲ್ಲ ಅಂತ ಆಯಿ ಹೇಳುತ್ತಾರೆ. ಹೌದಾ?

ಪುಸ್ತಕದ_ಹುಳ
ಸಾಣಿಕಟ್ಟೆ ಉಪ್ಪಿನ ಮೇಲೆ ನನಗೂ ಅಭಿಮಾನ ಇದೆ. ಆದರೆ ಉಪ್ಪು ಉಪ್ಪೇ. ಕಲ್ಲುಪ್ಪು, ಸೈಂಧವ, ಪುಡಿ ಉಪ್ಪು ಎಲ್ಲವೂ ಬಹುತೇಕ ಸೋಡಿಯಂ ಕ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ. ಒಂದು ಸಣ್ಣ ಚಮಚ. ಅದರಲ್ಲೇ ಸಾರು, ಪಲ್ಯ, ಮಜ್ಜಿಗೆ ಎಲ್ಲ ಮುಗಿಯಬೇಕು.

ಹಲಸಿನ_ಹಪ್ಪಳ
ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಹೇಗೆ ಇಳಿಯುತ್ತದೆ ಸ್ವಾಮಿ.

ಕಾಳಿ_ಸೇತುವೆ
ನಿಮ್ಮದು ಮಿಡಿ, ನಮ್ಮದು ಒಣ ಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಬಂದ್. ತಾಜಾ ಮೀನಿಗೆ ಚಿನ್ನದ ರೇಟು. ಆಗ ಒಣ ಬಂಗಡೆ, ಒಣ ಸಿಗಡಿಯೇ ಗತಿ. ಅಪ್ಪನ ಬಿಪಿ ಆ ಎರಡು ತಿಂಗಳು ಏರುವುದನ್ನು ನಾನೇ ನೋಡಿದ್ದೇನೆ.

ಅಘನಾಶಿನಿ_ದಂಡೆ
ಅಮ್ಮನದ್ದೂ ಮಳೆಗಾಲದಲ್ಲೇ ಏರಿದ್ದು. ನಮ್ಮ ಮನೆಯಲ್ಲೂ ಒಣ ಮೀನಿನ ಡಬ್ಬ ತುಂಬಿರುತ್ತದೆ.

ಡಯಾಲಿಸಿಸ್_ಸಿಸ್ಟರ್
ಒಣ ಮೀನು, ನೋವಿನ ಮಾತ್ರೆ, ಕಿರಿದಾದ ನಾಳ. ಮೂರನೆಯದರ ಮೇಲಷ್ಟೇ ತಪ್ಪು ಹೊರಿಸಿದರೆ ಹೇಗೆ? ಶಿರಸಿ ಕಡೆಯವರು ನಗಬೇಡಿ, ನಿಮ್ಮ ಕವಳದ (ಎಲೆ ಅಡಿಕೆಯ) ಹೊಗೆಸೊಪ್ಪಿನ ವಿಷಯಕ್ಕೆ ನಾನಿನ್ನೂ ಬಂದಿಲ್ಲ.

ತೋಟದ_ಮನೆ
ಕವಳದ ತಂಟೆಗೆ ಬರಬೇಡಿ. ಅದೊಂದು ಉಳಿದಿದೆ.

ಪುಸ್ತಕದ_ಹುಳ
ಸ್ವಲ್ಪ ಹಳೆಯ ಕಥೆ, ಬೇಸರ ಇಲ್ಲದಿದ್ದರೆ. ರೆನಿನ್ ಪತ್ತೆಯಾದದ್ದು 1898ರಲ್ಲಿ. ಟಿಗರ್ಸ್ಟೆಡ್ ಮತ್ತು ಬೆರ್ಗ್ಮನ್ ಎಂಬಿಬ್ಬರು ಮೊಲದ ಕಿಡ್ನಿ ಅರೆದು ತೆಗೆದ ರಸವನ್ನು ಬೇರೆ ಮೊಲಕ್ಕೆ ಚುಚ್ಚಿದರು, ಬಿಪಿ ಏರಿತು. ಆಮೇಲೆ ಅದನ್ನು ಎಲ್ಲರೂ ಮರೆತರು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಕಿಡ್ನಿ ರಕ್ತನಾಳಕ್ಕೆ ಸಣ್ಣ ಕ್ಲಿಪ್ ಹಾಕಿ ಬಿಗಿ ಮಾಡಿದ. ಬಿಪಿ ಏರಿ ಅಲ್ಲೇ ನಿಂತಿತು. ಅಲ್ಲಿಯವರೆಗೆ ಬಿಪಿಯಿಂದ ಕಿಡ್ನಿ ಹಾಳಾಗುತ್ತದೆ ಅಂತಷ್ಟೇ ಜಾಸ್ತಿ ಜನ ನಂಬಿದ್ದರು. ಕಿಡ್ನಿಯ ರಕ್ತನಾಳದಿಂದಲೂ ಬಿಪಿ ಬರುತ್ತದೆ ಅಂತ ಅವನು ತೋರಿಸಿದ.

ಇನ್ನೂ ಮಜಾ ಇದೆ. ಆಂಜಿಯೋಟೆನ್ಸಿನ್ ತಡೆಯುವ ಕ್ಯಾಪ್ಟೊಪ್ರಿಲ್ ಮಾತ್ರೆಯ ದಾರಿ ಸಿಕ್ಕಿದ್ದು ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದಿಂದ.

ಹಲಸಿನ_ಹಪ್ಪಳ
ಅಯ್ಯೋ! ನಮ್ಮ ಆಯಿ ನುಂಗುವುದು ರಾಮಿಪ್ರಿಲ್. ಅದೂ ಹಾವಿನದ್ದಾ? ಗೊತ್ತಾದರೆ ನಾಗರಪಂಚಮಿ ದಿನ ಮಾತ್ರೆಯೇ ಮುಟ್ಟುವುದಿಲ್ಲ.

ಪುಸ್ತಕದ_ಹುಳ
ಮಾತ್ರೆಯಲ್ಲಿ ಹಾವೂ ಇಲ್ಲ, ವಿಷವೂ ಇಲ್ಲ. ವಿಷದ ಗುಣ ನೋಡಿ ಆಮೇಲೆ ಲ್ಯಾಬಿನಲ್ಲೇ ತಯಾರಿಸಿದ್ದು. ಆಯಿಗೆ ಧೈರ್ಯ ಹೇಳಿ.

ಹುಬ್ಬಳ್ಳಿ_ಲಾಸ್ಟ್_ಬಸ್
ಎಲ್ಲ ಸರಿ. ಕಿಡ್ನಿ ತಜ್ಞರಿಗೆ ತೋರಿಸಿ ಅಂತ ಸುಲಭವಾಗಿ ಬರೆಯುತ್ತೀರಿ. ಇಂಥ ಕೆಲಸಕ್ಕೆ ನಮ್ಮ ಜನ ಹೋಗುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಪಲ್ಟಿಯಾಯಿತಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಊರೆಲ್ಲ ಕೂಗಿದೆವು.

ಯಲ್ಲಾಪುರ_ಘಟ್ಟ
ಶಿರೂರು ಅಂದರೆ ಅಂಕೋಲೆಯದ್ದಾ?

ಹುಬ್ಬಳ್ಳಿ_ಲಾಸ್ಟ್_ಬಸ್
ಅಲ್ಲ, ಬೈಂದೂರು ಹತ್ತಿರದ್ದು. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈಯಲ್ಲಿ. ಆಗ ಹೆದ್ದಾರಿಯೇ ಬಂದ್.

ತೋಟದ_ಮನೆ
ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವುದೂ ನೆಚ್ಚಿಕೆಯಲ್ಲ. ಕುಮಟೆಯವರಿಗೆ ರೈಲು ಒಳ್ಳೆಯದು, ಉಡುಪಿಯಲ್ಲಿ ಇಳಿದರೆ ಮಣಿಪಾಲ ಹತ್ತಿರ. ಆಯುಷ್ಮಾನ್ ಕಾರ್ಡ್ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಅದಿಲ್ಲದೆ ಹೋಗಿ ಕೌಂಟರಿನಲ್ಲಿ ಜಗಳ ಆಡಿದವರನ್ನು ನೋಡಿದ್ದೇನೆ.

ಅಘನಾಶಿನಿ_ದಂಡೆ
ಸ್ವಲ್ಪ ತಡವಾಗಿ ಬರೆಯುತ್ತಿದ್ದೇನೆ. ಇಲ್ಲಿನ ಡಾಕ್ಟರಿಗೆ ನೋವಿನ ಮಾತ್ರೆಯ ವಿಷಯ ಹೇಳಿದೆ. ಅವರು ಅದನ್ನೂ ಟೆಲ್ಮಿಸಾರ್ಟನ್ನೂ ನಿಲ್ಲಿಸಿದರು. ಒಣ ಮೀನಿನ ಡಬ್ಬ ಅಕ್ಕ ತನ್ನ ಮನೆಗೆ ಒಯ್ದಳು. ಕ್ರಿಯಾಟಿನಿನ್ 1.3ಕ್ಕೆ ಇಳಿಯಿತು. ಆಮೇಲೆ ಕಿಡ್ನಿ ತಜ್ಞರು ಮುಂಜಾಗ್ರತೆ ಮಾಡಿ ಸಿಟಿ ಆಂಜಿಯೋ ತೆಗೆಸಿದರು. ಬಲಗಡೆಯೂ ಸುಮಾರು ಅರ್ಧ ಕಿರಿದಾಗಿದೆ. ಎಡಗಡೆ ಮೊದಲು ಹೇಳಿದಷ್ಟೇ.

ಸದ್ಯ ಸ್ಟೆಂಟ್ ಬೇಡ ಎಂದಿದ್ದಾರೆ. ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ ಸೇರಿಸಿದ್ದಾರೆ. ನೀರು ಮಾತ್ರೆ ಬದಲಿಸಿದ್ದಾರೆ. ಬಿಪಿ ಈಗ 145-150. ರಾತ್ರಿ ಉಸಿರು ಕಟ್ಟಿದರೆ, ಇಲ್ಲವೇ ಕ್ರಿಯಾಟಿನಿನ್ ಮತ್ತೆ ಏರಿದರೆ ತಕ್ಷಣ ಬನ್ನಿ, ಆಗ ಸ್ಟೆಂಟ್ ಯೋಚಿಸೋಣ ಎಂದರು. ಮಂಡಿ ನೋವಿಗೆ ಪ್ಯಾರಾಸಿಟಮಾಲ್. ಅದಕ್ಕೆ ನೋವು ಹೋಗುವುದಿಲ್ಲ ಅಂತ ಅಮ್ಮ ದಿನಾ ನನ್ನ ಮೇಲೆ ಸಿಟ್ಟಾಗುತ್ತಾರೆ.

ಘಟ್ಟದ_ಡಾಕ್ಟ್ರು
ಒಳ್ಳೆಯ ಕೈಗೆ ಸಿಕ್ಕಿದ್ದೀರಿ. ವಾಂತಿ ಭೇದಿ ಆದ ದಿನ ನೀರು ಮಾತ್ರೆ ತಗೊಳ್ಳಬೇಕಾ ಅಂತ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮಂಡಿಗೆ ವ್ಯಾಯಾಮ ಹೇಳಿಕೊಡುವವರ ಹತ್ತಿರ ಒಮ್ಮೆ ಕರೆದೊಯ್ಯಿರಿ. ಇಲ್ಲದಿದ್ದರೆ ಅವರು ಮತ್ತೆ ಮೆಡಿಕಲ್ ಶಾಪಿಗೆ ಆಳು ಕಳಿಸುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ.

ಬೆಳಗಿನ_ವಾಕಿಂಗ್
ಇದೆಲ್ಲ ಓದಿ ಭಯವಾಯಿತು. ನನಗೆ 45. ಕ್ಲಿನಿಕ್‌ನಲ್ಲಿ ನೋಡಿದಾಗ 148 ಬಂತು. ನಾನೂ ಡಾಪ್ಲರ್ ಮಾಡಿಸಲಾ?

ಘಟ್ಟದ_ಡಾಕ್ಟ್ರು
ಬೇಡ. ಬಿಪಿ ಇರುವ ಹೆಚ್ಚಿನವರಿಗೆ ಈ ತೊಂದರೆ ಇರುವುದಿಲ್ಲ. ಮೊದಲು ಮನೆಯಲ್ಲಿ ಸರಿಯಾಗಿ ಅಳೆಯಿರಿ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಧಾರ ಕೊಟ್ಟು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು. ಅಳೆಯುವ ಅರ್ಧ ಗಂಟೆ ಮೊದಲು ಚಹಾ ಬೇಡ, ಹೊಗೆಸೊಪ್ಪೂ ಬೇಡ. ಒಂದು ವಾರದ ಅಂಕಿ ಬರೆದುಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ.

ತೋಟದ_ಮನೆ
ಮತ್ತೆ ಹೊಗೆಸೊಪ್ಪಿಗೇ ಬಂದರು ನೋಡಿ.

ಬೆಳಗಿನ_ವಾಕಿಂಗ್
ಸರಿ. ಕಾರವಾರದಲ್ಲಿ ಒಳ್ಳೆಯ ಬಿಪಿ ಮಶಿನ್ ಎಲ್ಲಿ ಸಿಗುತ್ತದೆ? ಮಣಿಕಟ್ಟಿಗೆ ಕಟ್ಟುವುದು ಆಗುತ್ತದಾ?

ಡಯಾಲಿಸಿಸ್_ಸಿಸ್ಟರ್
ತೋಳಿಗೆ ಕಟ್ಟುವುದೇ ತಗೊಳ್ಳಿ. ಪಟ್ಟಿ ನಿಮ್ಮ ತೋಳಿನ ಅಳತೆಗೆ ಸರಿಯಾಗಿರಲಿ, ಸಣ್ಣದಾದರೆ ಬಿಪಿ ಜಾಸ್ತಿ ತೋರಿಸುತ್ತದೆ.